‘ಮೇಕ್’ ಅಂದರೆ ಮುನ್ನೂರು ಸಾಲು ಎರರ್ ಬರುತ್ತೆ, ಏನ್ಮಾಡ್ಲಿ?

ಆರಿದ್ರಾ ಮಳೆ ಹಿಡಿದುಕೊಂಡಿದೆ. ಅಂಗಡಿಗೆ ಜನ ಕಡಿಮೆ. ದುರ್ಗಿಗುಡಿಯ ಈ ಮಹಡಿ ಮೇಲಿನ ರಿಪೇರಿ ಅಂಗಡಿಯಲ್ಲಿ ಕೂತು ಈ ತಿಂಗಳ ಕಾಗದಗಳನ್ನು ಬಿಡಿಸಿದೆ. ಅರ್ಧಕ್ಕರ್ಧ ಒಂದೇ ವಿಷಯ: ಹಳೆ ಯಂತ್ರವನ್ನು ಹೊಸ ಯಂತ್ರದ ಹೊಟ್ಟೆಯೊಳಗೆ ಓಡಿಸೋದು. ಇದಕ್ಕೆ ಎಮ್ಯುಲೇಟರ್ ಅನ್ನುತ್ತಾರೆ. ಸಿದ್ಧವಾಗಿದ್ದದ್ದನ್ನು ಇಳಿಸಿಕೊಳ್ಳದೆ, ಸೋರ್ಸ್ ಕೋಡ್ (ಮನುಷ್ಯರು ಬರೆದ ರೂಪದ ಪ್ರೋಗ್ರಾಂ) ತಂದು ತಾವೇ ಕಂಪೈಲ್ ಮಾಡಲು (ಯಂತ್ರ ಓಡಿಸಬಲ್ಲ ರೂಪಕ್ಕೆ ತಿರುಗಿಸಲು; ಆ ಕೆಲಸ ನಡೆಸುವ ಆಜ್ಞೆಯೇ ‘ಮೇಕ್’) ಹೊರಟು ನಡುದಾರಿಯಲ್ಲಿ ಸಿಕ್ಕಿಬಿದ್ದವರೇ ಜಾಸ್ತಿ. ಹಾಗಾಗಿ ಪ್ರಿಂಟರ್ ಜಾಮ್, ಫೋನ್ ಬ್ಯಾಕಪ್ ಕೇಳಿದವರು ಮುಂದಿನ ತಿಂಗಳ ತನಕ ತಾಳಿಕೊಳ್ಳಿ.

ಒಂದು ಮಾತು ಮೊದಲೇ. ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಅಚ್ಚು ಮಾಡಿದೆ. ಟರ್ಮಿನಲ್‌ನಲ್ಲಿ (ಆಜ್ಞೆ ಹೊಡೆಯುವ ಕಿಟಕಿ) ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಬೇಕು. ದೊಡ್ಡಕ್ಷರ ಅಂತ ಹೇಳದಿದ್ದರೆ ಎಲ್ಲ ಸಣ್ಣಕ್ಷರ.

ಪ್ರಶ್ನೆ: ನಾನು ನಿವೃತ್ತ ಗಣಿತ ಮೇಷ್ಟ್ರು, ವಯಸ್ಸು 71. ಎಂಬತ್ತರ ದಶಕದಲ್ಲಿ ನಾನಿದ್ದ ಶಾಲೆಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಬಂದಿತ್ತು. ಅದರಲ್ಲಿ ಮಕ್ಕಳಿಗೆ ಬೇಸಿಕ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಟ್ಟವನು ನಾನು. ಮೊಮ್ಮಗನಿಗೆ ತೋರಿಸಬೇಕು ಅಂತ ಆಸೆ. ಬಿ-ಎಮ್ ಅನ್ನುವ ಎಮ್ಯುಲೇಟರಿನ ಸೋರ್ಸ್ ಫೋಲ್ಡರನ್ನು ಪರಿಚಯದ ಹುಡುಗ ಪೆನ್‌ಡ್ರೈವ್‌ನಲ್ಲಿ ಕೊಟ್ಟ. ಮನೆಯಲ್ಲಿ ಉಬುಂಟು ಹಾಕಿದ ಹಳೆ ಡೆಸ್ಕ್‌ಟಾಪ್ ಇದೆ, ಇಂಟರ್ನೆಟ್ ಯಾವಾಗಲೂ ಇರಲ್ಲ. ಮೊದಲು ‘ಪರ್ಮಿಷನ್ ಡಿನೈಡ್’ ಅಂದಿತು. ಹೇಗೋ ದಾಟಿದೆ. ಆಮೇಲೆ ಅಲೆಗ್ರೊ ಇಲ್ಲ ಅಂದಿತು. ಅದನ್ನು ಹಾಕಿದ್ದೇನೆ, ಆದರೂ ಇಲ್ಲ ಅನ್ನುತ್ತದೆ. ಈ ನಡುವೆ ‘ಕ್ಲಾಕ್ ಸ್ಕ್ಯೂ’ ಅಂತ ಬೇರೆ. ಕೈ ಬಿಡಲಾ?
– ತೀರ್ಥಹಳ್ಳಿಯ ಓದುಗರು

ಉತ್ತರ: ಬಿಡಬೇಡಿ ಮೇಷ್ಟ್ರೇ. ನೀವು ಮುಕ್ಕಾಲು ದಾರಿ ಬಂದಿದ್ದೀರಿ.

ನಿಮ್ಮ ಕಾಗದ ಓದಿ ನನಗೂ ಖುಷಿಯಾಯಿತು. ಆ ಯಂತ್ರವನ್ನು ನಾನು ಓಡುತ್ತಿದ್ದಾಗ ಕಂಡವಳಲ್ಲ. ಗುಜರಿಗೆ ಹೋಗುವ ಮುಂಚೆ ಒಂದರ ಕೀಬೋರ್ಡ್ ಮುಟ್ಟಿದ್ದೇನೆ, ಅಷ್ಟೇ. ಓದುಗರಲ್ಲಿ ಚಿಕ್ಕವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಬಿಬಿಸಿ ಮೈಕ್ರೋ ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರಲ್ಲಿ ತಂದ ಯಂತ್ರ. 6502 ಪ್ರೊಸೆಸರ್, ವೇಗ 2 ಮೆಗಾಹರ್ಟ್ಸ್, ಮಾಡೆಲ್ ಬಿ ಆದರೆ 32 ಕಿಲೋಬೈಟ್ ರ‍್ಯಾಮ್. ಈಗ 8 ಜಿಬಿ ರ‍್ಯಾಮ್ ಇರುವ ಸಾಧಾರಣ ಕಂಪ್ಯೂಟರಿನಲ್ಲಿ ಅದರ ಎರಡೂವರೆ ಲಕ್ಷ ಪಟ್ಟಿಗಿಂತ ಜಾಸ್ತಿ ಜಾಗ ಇದೆ. 1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗಾಗಿ ‘ಕ್ಲಾಸ್’ ಅನ್ನುವ ಕಂಪ್ಯೂಟರ್ ಯೋಜನೆ ಶುರು ಮಾಡಿದಾಗ ಆರಿಸಿಕೊಂಡದ್ದು ಇದೇ ಯಂತ್ರವನ್ನು. ಎಷ್ಟೋ ಊರಲ್ಲಿ ಜನ ಮೊದಲು ನೋಡಿದ ಕಂಪ್ಯೂಟರ್ ಇದು.

ಇನ್ನೊಂದು ಸಂಗತಿ ನಿಮ್ಮ ಮೊಮ್ಮಗನಿಗೆ ಹೇಳಿ. ಅವನ ಕೈಯಲ್ಲಿರುವ ಫೋನಿನ ಎದೆಯಲ್ಲಿ ಆರ್ಮ್ ಜಾತಿಯ ಪ್ರೊಸೆಸರ್ ಇದೆ ಅಲ್ವಾ? ಅದನ್ನು ಹುಟ್ಟಿಸಿದವರೂ ಇದೇ ಏಕಾರ್ನ್‌ನ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್. ಮೊದಲ ಚಿಪ್ ಕೈಗೆ ಬಂದದ್ದು 1985ರ ಏಪ್ರಿಲ್‌ನಲ್ಲಿ. ಅದಕ್ಕೂ ಮುಂಚೆ ಅದು ಹೇಗೆ ನಡೆದುಕೊಳ್ಳುತ್ತದೆ ಅಂತ ಅವರು ಬಿಬಿಸಿ ಬೇಸಿಕ್‌ನಲ್ಲೇ ಪ್ರೋಗ್ರಾಂ ಬರೆದು ಪರೀಕ್ಷೆ ಮಾಡಿಕೊಂಡಿದ್ದರು. ಅಂದರೆ ಅವತ್ತು ಬಿಬಿಸಿ ಯಂತ್ರದೊಳಗೆ ಇನ್ನೂ ಹುಟ್ಟದ ಯಂತ್ರ ಓಡುತ್ತಿತ್ತು. ಇವತ್ತು ನೀವು ಹೊಸ ಯಂತ್ರದೊಳಗೆ ಆ ಬಿಬಿಸಿಯನ್ನೇ ಕೂರಿಸಲು ಹೊರಟಿದ್ದೀರಿ.

ಈಗ ರಿಪೇರಿಗೆ ಬರೋಣ. ನಿಮ್ಮದು ಮೂರು ಬೇರೆ ಬೇರೆ ತೊಂದರೆ. ಮೂರಕ್ಕೂ ಬಿ-ಎಮ್ ಬರೆದವರು ಕಾರಣರಲ್ಲ.

ಮೊದಲನೆಯದು ಪೆನ್‌ಡ್ರೈವ್. ಅದು ಸಾಮಾನ್ಯವಾಗಿ ಫ್ಯಾಟ್ ಅನ್ನುವ ಹಳೆ ಪದ್ಧತಿಯಲ್ಲಿರುತ್ತದೆ. ಲಿನಕ್ಸ್‌ನಲ್ಲಿ (ಉಬುಂಟು ಅದರದ್ದೇ ಒಂದು ರೂಪ) ಪ್ರತಿ ಫೈಲಿಗೂ ‘ಇದನ್ನು ಓಡಿಸಬಹುದು’ ಅನ್ನುವ ಒಂದು ಗುರುತು ಇರುತ್ತದೆ. ಫ್ಯಾಟ್‌ಗೆ ಆ ಗುರುತೇ ಗೊತ್ತಿಲ್ಲ. ಹುಡುಗ ಫೋಲ್ಡರ್ ಬಿಚ್ಚಿ ಹಾಕಿದ್ದರಿಂದ ದಾರಿಯಲ್ಲೇ ಆ ಗುರುತು ಅಳಿಸಿಹೋಯಿತು. ಒಂದೊಂದಕ್ಕೂ ‘ಸಿಎಚ್‌ಮಾಡ್ ಪ್ಲಸ್ ಎಕ್ಸ್’ ಅಂತ ಗುರುತು ಹಾಕುತ್ತಾ ಕೂರಬಹುದು. ನೀವು ‘ಹೇಗೋ ದಾಟಿದೆ’ ಅಂದದ್ದು ಅದೇ ಇರಬೇಕು. ಆದರೆ ಒಳಗೆ ಇನ್ನೂ ಯಾವ ಸ್ಕ್ರಿಪ್ಟ್ ಗುರುತು ಕಳೆದುಕೊಂಡು ಕೂತಿದೆಯೋ. ಅದಕ್ಕಿಂತ ಆ ಹುಡುಗನಿಗೆ ಹೇಳಿ, ಟಾರ್ ಕಂತೆಯನ್ನು (ಫೈಲುಗಳನ್ನೆಲ್ಲ ಒಂದೇ ಫೈಲಾಗಿ ಕಟ್ಟಿದ್ದು) ಬಿಚ್ಚದೆ ಕಟ್ಟಿದ ಹಾಗೇ ಪೆನ್‌ಡ್ರೈವ್‌ಗೆ ಹಾಕಿಕೊಡು ಅಂತ. ಮನೆಗೆ ತಂದು ನಿಮ್ಮ ಹೋಮ್ ಫೋಲ್ಡರಿನಲ್ಲಿ ಬಿಚ್ಚಿ. ಗುರುತುಗಳೆಲ್ಲ ಕಂತೆಯೊಳಗೆ ಭದ್ರವಾಗಿರುತ್ತವೆ. ಹಪ್ಪಳದ ಕಟ್ಟನ್ನು ದಾರಿಯಲ್ಲಿ ಬಿಚ್ಚಬಾರದು, ಅಷ್ಟೇ.

ಫೋಲ್ಡರಿಗೆ ‘ಹಳೆ ಕಂಪ್ಯೂಟರ್’ ಅಂತ ಹೆಸರಿಟ್ಟಿದ್ದೀರಂತೆ. ಚಂದದ ಹೆಸರು. ಆದರೆ ನಡುವೆ ಖಾಲಿ ಜಾಗ ಕಂಡರೆ ಮೇಕ್ ಅದನ್ನು ಎರಡು ಹೆಸರು ಅಂತ ತಿಳಿಯುತ್ತದೆ. ಕಟ್ಟುವ ಕೆಲಸ ಮುಗಿಯೋವರೆಗೆ ‘ಬೆಮ್’ ಅಂತ ಇಂಗ್ಲಿಷಿನ ಮೂರು ಅಕ್ಷರ ಸಾಕು.

ಎರಡನೆಯದು ಅಲೆಗ್ರೊ. ಇದರಲ್ಲಿ ಎಲ್ಲರೂ ಎಡವುತ್ತಾರೆ, ನಾನು ಕೂಡ ಎಡವಿದವಳೇ. ಅಲೆಗ್ರೊ ಅನ್ನೋದು ಪರದೆ, ಧ್ವನಿ, ಕೀಬೋರ್ಡ್ ಕೆಲಸ ನೋಡಿಕೊಳ್ಳುವ ಲೈಬ್ರರಿ. ಉಬುಂಟುವಿನಲ್ಲಿ ಅದು ಎರಡು ಥರ ಸಿಗುತ್ತದೆ. ಒಂದು, ಸಿದ್ಧ ಪ್ರೋಗ್ರಾಂ ಓಡಿಸೋಕೆ. ಇನ್ನೊಂದು, ಹೊಸದಾಗಿ ಪ್ರೋಗ್ರಾಂ ಕಟ್ಟೋಕೆ. ಎರಡನೆಯದರ ಹೆಸರಿನ ಕೊನೆಗೆ ‘ಡೆವ್’ ಅಂತ ಇರುತ್ತದೆ. ಸಾರು ಉಣ್ಣೋಕೆ ತಟ್ಟೆ ಇದ್ದರೆ ಸಾಕು, ಮಾಡೋಕೆ ಅಳತೆ ಬರೆದ ಚೀಟಿ ಬೇಕು. ಡೆವ್ ಪ್ಯಾಕೇಜಿನಲ್ಲಿ ಇರೋದು ಆ ಚೀಟಿಗಳು, ಹೆಡರ್ ಫೈಲ್ ಅನ್ನುತ್ತಾರೆ. ನೀವು ಹಾಕಿದ್ದು ಮೊದಲನೆಯದು. ಅದಕ್ಕೇ ಇದ್ದರೂ ಇಲ್ಲ ಅಂದಿತು. ಜೊತೆಗೆ ಅಲೆಗ್ರೊ 5ರ ಧ್ವನಿ, ಚಿತ್ರ, ಡೈಲಾಗ್ ಭಾಗಗಳಿಗೆ ಬೇರೆ ಬೇರೆ ಡೆವ್ ಪ್ಯಾಕೇಜ್ ಇವೆ. ‘ಆಪ್ಟ್ ಸರ್ಚ್ ಲಿಬ್‌ಅಲೆಗ್ರೊ’ ಅಂತ ಹೊಡೆದರೆ ಸಾಲಾಗಿ ಕಾಣುತ್ತವೆ. 5 ಮತ್ತು ಡೆವ್ ಎರಡೂ ಇರುವವನ್ನು ಹಾಕಿ. ಒಂದೆರಡು ಹೆಚ್ಚಾದರೆ ನಷ್ಟವಿಲ್ಲ. ಇವಲ್ಲದೆ ಬಿಲ್ಡ್-ಎಸೆನ್ಶಿಯಲ್, ಆಟೋಕಾನ್ಫ್, ಆಟೋಮೇಕ್, ಜಡ್‌ಲಿಬ್‌ನ ಡೆವ್ ಬೇಕು. ಇಂಟರ್ನೆಟ್ ಇರುವ ದಿನ ಒಂದೇ ಸಲ ಇಳಿಸಿಕೊಂಡುಬಿಡಿ.

ಮೂರನೆಯದು ಗಡಿಯಾರ. ನನ್ನ ಕಸುಬಿನ ವಿಷಯ ಇದು. ಸ್ವಿಚ್ ತೆಗೆದು ಹಾಕಿದ ಮೇಲೆ ನಿಮ್ಮ ಕಂಪ್ಯೂಟರ್ ಹಳೆ ತಾರೀಖು ತೋರಿಸುತ್ತದೆ ಅಲ್ವಾ? ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇದೆ, ಸಿಆರ್ 2032. ಅದು ಸತ್ತಿದೆ. ತಾರೀಖಿಗೂ ಕಂಪೈಲ್‌ಗೂ ಏನು ಸಂಬಂಧ ಅಂತ ಕೇಳಬಹುದು. ಮೇಕ್ ಅನ್ನುವ ಪ್ರೋಗ್ರಾಮಿನ ಬುದ್ಧಿಯೆಲ್ಲ ತಾರೀಖಿನಲ್ಲೇ ಇದೆ. ಸೋರ್ಸ್ ಫೈಲಿನ ತಾರೀಖು ನೋಡುತ್ತದೆ, ಅದರಿಂದ ಕಟ್ಟಿದ ಫೈಲಿನ ತಾರೀಖು ನೋಡುತ್ತದೆ. ಸೋರ್ಸ್ ಹೊಸದಾಗಿದ್ದರೆ ಮತ್ತೆ ಕಟ್ಟುತ್ತದೆ, ಇಲ್ಲದಿದ್ದರೆ ಬಿಡುತ್ತದೆ. ನಿಮ್ಮ ಯಂತ್ರ ಹೋದ ವರ್ಷದಲ್ಲಿ ಬದುಕುತ್ತಿದ್ದು, ಪೆನ್‌ಡ್ರೈವಿನ ಫೈಲ್ ಈ ವರ್ಷದ್ದಾದರೆ, ಫೈಲುಗಳೆಲ್ಲ ನಾಳೆಯಿಂದ ಬಂದ ಹಾಗೆ. ಪಾಪ, ಅದು ಗಾಬರಿಯಾಗಿ ‘ಕ್ಲಾಕ್ ಸ್ಕ್ಯೂ’ ಅನ್ನುತ್ತದೆ. 40–50 ರೂಪಾಯಿಯ ಬ್ಯಾಟರಿ ಬದಲಿಸಿ, ತಾರೀಖು ಸರಿ ಮಾಡಿ, ‘ಮೇಕ್ ಕ್ಲೀನ್’ ಹೊಡೆದು ಮತ್ತೆ ಶುರು ಮಾಡಿ. ಗಡಿಯಾರ ತಪ್ಪಿದ್ದರೆ ಇಂಟರ್ನೆಟ್ಟಿನಿಂದ ಗಿಟ್ ಅನ್ನುವ ಸಾಧನದಲ್ಲಿ ಸೋರ್ಸ್ ತರೋದೂ ಆಗಲ್ಲ. ಸರ್ವರಿನ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೆ ಬಂದಿಲ್ಲ ಅಂತ ಯಂತ್ರ ಮೊಂಡು ಹಿಡಿಯುತ್ತದೆ.

ಇಷ್ಟಾದ ಮೇಲೆ ಉಳಿಯೋದು ಮೂರೇ ಸಾಲು. ಡಾಟ್ ಸ್ಲ್ಯಾಶ್ ಆಟೋಜೆನ್ ಡಾಟ್ ಎಸ್ಎಚ್. ಡಾಟ್ ಸ್ಲ್ಯಾಶ್ ಕಾನ್ಫಿಗರ್ (ಕಟ್ಟೋಕೆ ಬೇಕಾದದ್ದೆಲ್ಲ ಯಂತ್ರದಲ್ಲಿದೆಯಾ ಅಂತ ನೋಡೋದು ಇದು). ಆಮೇಲೆ ಮೇಕ್. ಕೊನೆಗೆ ಅದೇ ಫೋಲ್ಡರಿನಲ್ಲಿ ನಿಂತು ಡಾಟ್ ಸ್ಲ್ಯಾಶ್ ಬಿ-ಎಮ್. ಬೇಕಾದ ರಾಮ್ ಫೈಲುಗಳು (ಹಳೆ ಯಂತ್ರದ ಚಿಪ್ಪಿನೊಳಗಿದ್ದ ಪ್ರೋಗ್ರಾಮಿನ ನಕಲು, ರ‍್ಯಾಮ್ ಅಲ್ಲ) ಸೋರ್ಸ್ ಜೊತೆಗೇ ಇವೆ.

ಎರರ್ ಓದುವ ಬಗ್ಗೆ ಒಂದು ಮಾತು. ನಿಮ್ಮ ಬಿಬಿಸಿ ಬೇಸಿಕ್ ತಪ್ಪು ಪದ ಕಂಡರೆ ‘ಮಿಸ್ಟೇಕ್’ ಅಂತ ಒಂದೇ ಪದ ಹೇಳಿ ಸುಮ್ಮನಾಗುತ್ತಿತ್ತು. ಈಗಿನ ಕಂಪೈಲರ್ ಹಾಗಲ್ಲ, ಬಾಯಿಬಡುಕ. ಒಂದು ಹೆಡರ್ ಸಿಗದಿದ್ದರೆ ಅದರ ಹಿಂದೆ ಮುನ್ನೂರು ಸಾಲು ಗೋಳಾಡುತ್ತದೆ. ಎಲ್ಲರೂ ಪರದೆಯ ಕೊನೆಯ ಸಾಲಿನ ಫೋಟೋ ತೆಗೆದು ನನಗೆ ಕಳಿಸುತ್ತಾರೆ. ಅದರಲ್ಲಿ ‘ಎರರ್ 1’ ಅಂತ ಬಿಟ್ಟರೆ ಏನೂ ಇರಲ್ಲ. ಮೇಲೆ ಹೋಗಿ, ಮೊದಲನೆಯ ಎರರ್ ಹುಡುಕಿ. ಅದೊಂದನ್ನು ಸರಿ ಮಾಡಿದರೆ ಉಳಿದದ್ದು ಬಹುಪಾಲು ತಾನೇ ಹೋಗುತ್ತದೆ. ತೊಂಬತ್ತು ಪಾಲು ಅದು ‘ಇಂಥ ಫೈಲ್ ಇಲ್ಲ’ ಅಂತಲೇ ಇರುತ್ತದೆ. ಉತ್ತರ ಮತ್ತದೇ, ಒಂದು ಡೆವ್ ಪ್ಯಾಕೇಜ್.

ಪ್ರಶ್ನೆ: ನಮ್ಮದು ಅಡಿಕೆ ಮಂಡಿ. 1996ರಿಂದ 2009ರ ತನಕ ಲೆಕ್ಕವೆಲ್ಲ ಡಾಸ್‌ನ ಫಾಕ್ಸ್‌ಪ್ರೊ ಪ್ರೋಗ್ರಾಮಿನಲ್ಲಿದೆ. ಬರೆದುಕೊಟ್ಟವರು ಈಗ ಇಲ್ಲ. ಹಳೆ ಕಂಪ್ಯೂಟರ್ ಕೈಕೊಟ್ಟಿತು, ಹಾರ್ಡ್ ಡಿಸ್ಕ್ ಮಾತ್ರ ಉಳಿದಿದೆ. ಒಬ್ಬ ರೈತರ ಮನೆಯಲ್ಲಿ ಪಾಲು ಪಂಚಾಯಿತಿ ನಡೆದಿದ್ದು, ಹಳೆ ಬಾಕಿ ನೋಡಬೇಕಾಗಿದೆ. ಡಾಸ್‌ಬಾಕ್ಸ್ ಅನ್ನುವ ಎಮ್ಯುಲೇಟರನ್ನು ಸೋರ್ಸ್‌ನಿಂದ ಕಂಪೈಲ್ ಮಾಡಿದರೆ ಓಡುತ್ತೆ ಅಂತ ಯಾರೋ ಹೇಳಿದರು. ಹೇಗೆ?
– ಶಿವಮೊಗ್ಗ ಎಪಿಎಂಸಿ ಯಾರ್ಡಿನ ಓದುಗರು

ಉತ್ತರ: ನಿಮಗೆ ಕಂಪೈಲ್ ಬೇಕಾಗಿಲ್ಲ. ನಿಜ ಹೇಳಬೇಕಂದರೆ ಡಾಸ್‌ಬಾಕ್ಸೂ ಬೇಕಾಗಿಲ್ಲದೆ ಇರಬಹುದು. ಹಾರ್ಡ್ ಡಿಸ್ಕಿನಲ್ಲಿ ಡಿಬಿಎಫ್ ಅನ್ನುವ ಬಾಲ ಇರುವ ಫೈಲುಗಳನ್ನು ಹುಡುಕಿ. ಮೊದಲು ಇಡೀ ಫೋಲ್ಡರನ್ನು ಎರಡು ಕಡೆ ನಕಲು ಮಾಡಿ. ಆಮೇಲೆ ಒಂದು ನಕಲನ್ನು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯಿರಿ. ರಾಶಿ ಎಷ್ಟು, ಬೆಟ್ಟೆ ಎಷ್ಟು, ಸರಕು, ಗೊರಬಲು ಎಷ್ಟು, ಮುಂಗಡ ಎಷ್ಟು ಅಂತ ಸಾಲಾಗಿ ಕಾಣುತ್ತದೆ. ಬಾಕಿ ನೋಡೋಕೆ ಇಷ್ಟು ಸಾಕು.

ಖಾತೆ ಹಾಳೆಯನ್ನು ಹಳೆ ರೂಪದಲ್ಲೇ ನೋಡಬೇಕು ಅಂದರೆ ಆಗ ಎಮ್ಯುಲೇಟರ್. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಂ ನೇರವಾಗಿ ಓಡಲ್ಲ, ಅದಕ್ಕೇ ನಿಮ್ಮ ಹೊಸ ಕಂಪ್ಯೂಟರ್ ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಡಾಸ್‌ಬಾಕ್ಸ್ 2002ರಿಂದ ಇದೆ, ಆದರೆ ಅದನ್ನು ಬರೆದವರ ಗಮನವೆಲ್ಲ ಆಟಗಳ ಮೇಲೆ. ಅದರಲ್ಲಿ ಪ್ರಿಂಟರ್ ಇಲ್ಲ. ಅದರ ಕವಲಾದ ಡಾಸ್‌ಬಾಕ್ಸ್-ಎಕ್ಸ್‌ನಲ್ಲಿ ಪ್ರಿಂಟರ್ ಇದೆ. ನಿಮ್ಮಂಥವರಿಗೆ ಅದೇ ಸರಿ, ಅದೂ ಸಿದ್ಧವಾಗಿಯೇ ಸಿಗುತ್ತದೆ. ಎರಡರಲ್ಲೂ ಹಳೆಯದನ್ನು ನೋಡಿ, ಹೊಸ ಲೆಕ್ಕ ಬರೆಯಬೇಡಿ. ಇದು ನನ್ನ ಕಟ್ಟುನಿಟ್ಟು.

ಫಾಕ್ಸ್‌ಪ್ರೊ ತೆರೆದ ಕೂಡಲೇ ‘ಡಿವೈಡ್ ಬೈ ಜೀರೊ’ ಅಂತ ಬಿದ್ದುಹೋದರೆ ಹೆದರಬೇಡಿ. ಆ ಕಾಲದ ಕೆಲವು ಪ್ರೋಗ್ರಾಮುಗಳು ಶುರುವಿನಲ್ಲೇ ಒಂದು ಸುತ್ತು ಓಡಿ, ಎಷ್ಟು ಹೊತ್ತಾಯಿತು ಅಂತ ಯಂತ್ರದ ವೇಗ ಅಳೆಯುತ್ತಿದ್ದವು. ಈಗಿನ ವೇಗಕ್ಕೆ ಆ ಹೊತ್ತು ಸೊನ್ನೆ ಅಂತ ಬರುತ್ತದೆ. ಸೊನ್ನೆಯಿಂದ ಭಾಗಿಸಿ ಸಾಯುತ್ತವೆ. ಎಮ್ಯುಲೇಟರಿನ ಲಾಭ ಇಲ್ಲೇ ಇರೋದು, ವೇಗವನ್ನು ಬೇಕಾದಷ್ಟು ಇಳಿಸಬಹುದು. ಡಾಸ್‌ಬಾಕ್ಸ್‌ನಲ್ಲಿ ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ನಿಧಾನ, ಎಫ್12 ಒತ್ತಿದರೆ ಜೋರು.

ಹೆಸರುಗಳು ಕನ್ನಡದಲ್ಲಿದ್ದರೆ ಮಾತ್ರ ಕಷ್ಟ. ಆ ಕಾಲದಲ್ಲಿ ಡಾಸ್ ಪರದೆಯ ಮೇಲೆ ಕನ್ನಡ ಬರಿಸಲು ಜಿಸ್ಟ್ ಕಾರ್ಡ್ ಹಾಕುತ್ತಿದ್ದರು. ಐಐಟಿ ಕಾನ್ಪುರದಲ್ಲಿ ಹುಟ್ಟಿ ಸಿ-ಡಾಕ್‌ನಲ್ಲಿ ಬೆಳೆದದ್ದು ಅದು. ಅಕ್ಷರ ಮೂಡಿಸುತ್ತಿದ್ದದ್ದು ಆ ಕಾರ್ಡ್, ಪ್ರೋಗ್ರಾಂ ಅಲ್ಲ. ಡಾಸ್‌ಬಾಕ್ಸ್‌ನೊಳಗೆ ಆ ಕಾರ್ಡ್ ಇಲ್ಲವಾದ್ದರಿಂದ ‘ತಿಮ್ಮಪ್ಪ’ ಇದ್ದ ಕಡೆ ಗೀಟು, ಚೌಕ, ಗ್ರೀಕ್ ಅಕ್ಷರ ಕಾಣುತ್ತವೆ. ಮಾಹಿತಿ ಹಾಳಾಗಿಲ್ಲ. ಅದು ಭಾರತೀಯ ಲಿಪಿಗಳ ಹಳೆ ಇಸ್ಕಿ ಸಂಕೇತದಲ್ಲಿದೆ, ಯೂನಿಕೋಡ್‌ಗೆ ತಿರುಗಿಸಬಹುದು. ಐಸಿಯು ಅನ್ನುವ ಲೈಬ್ರರಿಯ ಜೊತೆ ಬರುವ ಯುಕಾನ್ವ್ ಅನ್ನುವ ಪುಟ್ಟ ಸಾಧನಕ್ಕೆ ಇಸ್ಕಿ ಗೊತ್ತು. ಫೈಲಿನ ನಕಲು ತೆಗೆದುಕೊಂಡು ಅಂಗಡಿಗೆ ಬನ್ನಿ, ಕೂತು ನೋಡೋಣ.

ಒಂದು ಸಲ ಇಂಥದ್ದೇ ಕೆಲಸಕ್ಕೆ ನಾನೇ ಪೆಟ್ಟು ತಿಂದಿದ್ದೇನೆ. ಸುಮ್ನೆ ಸಿದ್ಧ ಪ್ಯಾಕೇಜ್ ಹಾಕಿಕೊಳ್ಳೋದು ಬಿಟ್ಟು, ದೊಡ್ಡಸ್ತಿಕೆಗೆ ಡಾಸ್‌ಬಾಕ್ಸ್ 0.74-3 ಅನ್ನು ರಾತ್ರಿ ಮನೆಯಲ್ಲಿ ಕಂಪೈಲ್ ಮಾಡಿದೆ. ಪರದೆ ತುಂಬ ಅಕ್ಷರ ಸುರಿಯೋದು ನೋಡಿ ನಮ್ಮತ್ತೆ, ‘ಇದೇನೇ, ಹೊರಗೂ ಮಳೆ ಒಳಗೂ ಮಳೆ’ ಅಂದರು. ನಾನು ಹಲಸಿನ ಹಪ್ಪಳ ಕರಿಯಲು ಒಳಗೆ ಹೋದೆ. ಬೆಳಗ್ಗೆ ಗಿರಾಕಿಯ ಮುಂದೆ ಪ್ರೋಗ್ರಾಂ ಚೆನ್ನಾಗಿ ಓಡಿತು. ಪ್ರಿಂಟರ್ ಇಲ್ಲವಲ್ಲ, ಪರದೆಯ ಚಿತ್ರ ತೆಗೆದುಕೊಡೋಣ ಅಂತ ಕಂಟ್ರೋಲ್ ಎಫ್5 ಒತ್ತಿದೆ. ಏನೂ ಇಲ್ಲ. ಹತ್ತು ಸಲ ಒತ್ತಿದೆ. ಇಲ್ಲ. ಆಮೇಲೆ ಗೊತ್ತಾಯಿತು. ನಾನು ಹಪ್ಪಳ ಕರಿಯುವಾಗ ಕಾನ್ಫಿಗರ್ ಹೇಳಿತ್ತು, ಲಿಬ್‌ಪಿಎನ್‌ಜಿ ಸಿಗಲಿಲ್ಲ, ಚಿತ್ರ ತೆಗೆಯೋದನ್ನು ಬಿಟ್ಟು ಕಟ್ಟುತ್ತೇನೆ ಅಂತ. ಅದು ಎರರ್ ಅಲ್ಲ, ಬರೀ ಸೂಚನೆ. ನಿಲ್ಲದೆ ಮುಂದೆ ಹೋಗಿತ್ತು. ಅವತ್ತಿಂದ ಕಾನ್ಫಿಗರ್ ಮುಗಿಯೋ ತನಕ ನಾನು ಒಲೆ ಹತ್ತಿರ ಹೋಗಲ್ಲ.

ಪ್ರಶ್ನೆ: ನಾನು ಎರಡನೇ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿ. ಮೇಮ್ ಅನ್ನುವ ಎಮ್ಯುಲೇಟರನ್ನು ಸೋರ್ಸ್‌ನಿಂದ ಕಟ್ಟುತ್ತಿದ್ದೇನೆ. ಯಂತ್ರಕ್ಕೆ 4 ಜಿಬಿ ರ‍್ಯಾಮ್. ‘ಮೇಕ್ ಮೈನಸ್ ಜೆ’ ಕೊಟ್ಟರೆ ಬೇಗ ಆಗುತ್ತೆ ಅಂತ ಕೇಳಿದ್ದೆ. ಕೊಟ್ಟೆ, ಇಡೀ ಯಂತ್ರ ಕಲ್ಲಾಯಿತು. ಕೊನೆಗೆ ‘ಕಿಲ್ಡ್’ ಅಂತ ಬಂತು. ಮತ್ತೆ ಶುರು ಮಾಡಿದೆ, ರಾತ್ರಿ ಎರಡಕ್ಕೆ ಕರೆಂಟ್ ಹೋಯಿತು. ಬೆಳಗ್ಗೆ ಮುಂದುವರಿಸಿದರೆ ಲಿಂಕ್ ಆಗುವಾಗ ಯಾವುದೋ ಫೈಲ್ ಗುರುತು ಸಿಗುತ್ತಿಲ್ಲ ಅನ್ನುತ್ತದೆ. ಮೊದಲಿಂದ ಮಾಡಬೇಕಾ?
– ಸಾಗರದ ಓದುಗ

ಉತ್ತರ: ನಿನ್ನನ್ನು ನೋಡಿದರೆ ನನ್ನ ಮಗನ ನೆನಪಾಗುತ್ತದಪ್ಪ. ಅವನೂ ಸಣ್ಣದರಿಂದ ಶುರು ಮಾಡಲ್ಲ.

ಮೇಮ್ 1997ರ ಫೆಬ್ರವರಿಯಲ್ಲಿ ನಿಕೋಲಾ ಸಾಲ್ಮೋರಿಯಾ ಅನ್ನುವ ಇಟಲಿಯವರು ಬಿಟ್ಟದ್ದು, ಹಳೆ ಆರ್ಕೇಡ್ ಆಟದ ಯಂತ್ರಗಳನ್ನು ಉಳಿಸೋಕೆ. ಸೋರ್ಸ್ ಮೊದಲಿಂದಲೂ ನೋಡಲು ಸಿಗುತ್ತಿತ್ತು. ಪೂರ್ತಿ ಓಪನ್ ಸೋರ್ಸ್ ಲೈಸೆನ್ಸಿಗೆ ಬಂದದ್ದು 2016ರಲ್ಲಿ. ಈಗ ಅದರೊಳಗೆ ಆಟದ ಯಂತ್ರ, ಮನೆ ಕಂಪ್ಯೂಟರ್, ಕ್ಯಾಲ್ಕುಲೇಟರ್ ಎಲ್ಲ ಸೇರಿ ಸಾವಿರಾರು ಯಂತ್ರಗಳಿವೆ. ಬೃಹತ್ ಕೋಡ್. ಅಷ್ಟನ್ನೂ 4 ಜಿಬಿಯಲ್ಲಿ ಕಟ್ಟಲು ಹೊರಟರೆ ಆಮ್ನಿಯಲ್ಲಿ ಮದುವೆ ದಿಬ್ಬಣ ತುಂಬಿದ ಹಾಗೆ.

‘ಮೈನಸ್ ಜೆ’ ಮುಂದೆ ಅಂಕಿ ಹಾಕದಿದ್ದರೆ ಮೇಕ್‌ಗೆ ಮಿತಿಯೇ ಇಲ್ಲ. ಎಷ್ಟು ಕೆಲಸ ಸಿದ್ಧವಿದೆಯೋ ಅಷ್ಟನ್ನೂ ಒಟ್ಟಿಗೇ ಶುರು ಮಾಡುತ್ತದೆ. ಸಿ++ನ ದೊಡ್ಡ ಫೈಲ್ ಒಂದೊಂದೇ ಒಂದು ಜಿಬಿ ರ‍್ಯಾಮ್ ಕೇಳಬಹುದು. ರ‍್ಯಾಮ್ ಮುಗಿದಾಗ ಲಿನಕ್ಸ್ ಯಾರಾದರೂ ಒಬ್ಬರನ್ನು ಕೊಂದು ಉಳಿದವರನ್ನು ಉಳಿಸುತ್ತದೆ. ಸತ್ತದ್ದು ನಿನ್ನ ಕಂಪೈಲರ್. ‘ಕಿಲ್ಡ್’ ಅಂದರೆ ಕೋಡಿನಲ್ಲಿ ತಪ್ಪಿದೆ ಅಂತಲ್ಲ, ಜಾಗ ಸಾಲಲಿಲ್ಲ ಅಂತ. ಜೆ ಮುಂದೆ 1 ಅಥವಾ 2 ಹಾಕು. 4 ಜಿಬಿಯ ಒಂದು ಸ್ವಾಪ್ ಫೈಲ್ (ರ‍್ಯಾಮ್ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಮಾಡಿಕೋ. ನಿಧಾನ ಆಗುತ್ತದೆ, ಆದರೆ ಮುಗಿಯುತ್ತದೆ.

ಕರೆಂಟ್ ವಿಷಯ ಇನ್ನೂ ಸ್ವಾರಸ್ಯ. ಮಧ್ಯದಲ್ಲಿ ನಿಲ್ಲಿಸಿ ಮತ್ತೆ ಮೇಕ್ ಹೊಡೆದರೆ ಅದು ಬಿಟ್ಟ ಕಡೆಯಿಂದಲೇ ಹಿಡಿಯುತ್ತದೆ, ಅದೇ ಅದರ ಚಂದ. ನೀನು ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿದರೆ ಅರ್ಧ ಬೆಂದ ಫೈಲನ್ನು ಅಳಿಸಿಯೇ ಹೋಗುತ್ತದೆ. ಕರೆಂಟ್ ಹೋದರೆ ಅಳಿಸೋಕೆ ಪುರುಸೊತ್ತೆಲ್ಲಿ? ಡಿಸ್ಕಿಗೆ ಪೂರ್ತಿ ಬರೆಯದ ಒಂದೆರಡು ಆಬ್ಜೆಕ್ಟ್ ಫೈಲ್ (ಒಂದೊಂದು ಸೋರ್ಸ್ ಫೈಲಿನಿಂದ ಕಟ್ಟಿದ ತುಂಡು) ಹೊಸ ತಾರೀಖು ಹೊತ್ತು ಹಾಗೇ ಕೂತಿರುತ್ತವೆ. ಮೇಲೆ ಮೇಷ್ಟ್ರಿಗೆ ಹೇಳಿದೆನಲ್ಲ, ಮೇಕ್ ನೋಡೋದು ತಾರೀಖು ಮಾತ್ರ. ‘ಇದು ಹೊಸದು, ಆಗಿದೆ’ ಅಂತ ಮುಂದೆ ಹೋಗುತ್ತದೆ. ಕೊನೆಗೆ ಎಲ್ಲವನ್ನೂ ಜೋಡಿಸುವಾಗ ಲಿಂಕರ್ ಬಂದು ಒಳಗೆ ಇಣುಕಿ ನೋಡಿದರೆ ಟೊಳ್ಳು. ಅಡಿಕೆ ಹೊರಗಿನಿಂದ ಚೆನ್ನಾಗಿದ್ದು ಒಡೆದರೆ ಒಳಗೆ ಏನೂ ಇಲ್ಲ, ಹಾಗೆ.

ಮೊದಲಿಂದ ಬೇಡ. ಲಿಂಕರ್ ಹೆಸರು ಹೇಳಿದ ಆ ಫೈಲನ್ನು ಅಳಿಸು. ‘ಫೈಂಡ್’ ಆಜ್ಞೆಯಲ್ಲಿ ‘ಡಾಟ್ ಒ’ ಬಾಲ ಇದ್ದು ಗಾತ್ರ ಸೊನ್ನೆ ಇರುವ ಫೈಲುಗಳನ್ನು ಹುಡುಕಿ ಅವನ್ನೂ ಅಳಿಸು. ಕರೆಂಟ್ ಹೋದ ಹೊತ್ತಿನ ಸುತ್ತಮುತ್ತ, ಒಂದೆರಡು ನಿಮಿಷದೊಳಗೆ ಹುಟ್ಟಿದ್ದನ್ನೂ ತೆಗೆದುಬಿಡು. ಮತ್ತೆ ಮೇಕ್. ಆ ನಾಲ್ಕಾರನ್ನು ಮಾತ್ರ ಹೊಸದಾಗಿ ಕಟ್ಟುತ್ತದೆ.

ಇದೆಲ್ಲಕ್ಕಿಂತ ಒಳ್ಳೆಯ ದಾರಿ ಇದೆ. ನಿನಗೆ ಬೇಕಾದದ್ದು ಒಂದು ಯಂತ್ರ ಹೇಗೆ ಬರೆದಿದ್ದಾರೆ ಅಂತ ಕಲಿಯೋದು ತಾನೆ? ಮೇಕ್ ಜೊತೆಗೆ ದೊಡ್ಡಕ್ಷರದಲ್ಲಿ ಸೋರ್ಸಸ್ ಅಂತ ಬರೆದು, ಸಮ ಚಿಹ್ನೆ ಹಾಕಿ, ಆ ಒಂದು ಯಂತ್ರದ ಸಿಪಿಪಿ ಫೈಲಿನ ದಾರಿ ಕೊಡು. ಅದು ಮತ್ತು ಅದಕ್ಕೆ ಬೇಕಾದದ್ದು ಮಾತ್ರ ಕಟ್ಟುತ್ತದೆ. ಬೇರೆ ಯಂತ್ರ ಬೇಕಾದಾಗ ದಾರಿ ಬದಲಿಸಿ, ದೊಡ್ಡಕ್ಷರದಲ್ಲೇ ರೀಜಿನೀ ಸಮ 1 ಅಂತ ಸೇರಿಸು. ಆಗ ಪಟ್ಟಿಯನ್ನು ಹೊಸದಾಗಿ ಮಾಡಿಕೊಳ್ಳುತ್ತದೆ.

ಇನ್ನು ನೀನು ಕಾಗದದ ಕೊನೆಗೆ ಮೆಲ್ಲಗೆ ಕೇಳಿದ್ದು, ಆಟದ ರಾಮ್ ಎಲ್ಲಿ ಸಿಗುತ್ತೆ ಅಂತ. ಎಮ್ಯುಲೇಟರ್ ಓಪನ್ ಸೋರ್ಸ್, ಆಟ ಅಲ್ಲ. ಆಟದ ಹಕ್ಕು ಆಟ ಮಾಡಿದವರದ್ದು. ಹಕ್ಕುದಾರರೇ ಲಾಭಕ್ಕಲ್ಲದ ಬಳಕೆಗೆ ಬಿಟ್ಟುಕೊಟ್ಟ ಕೆಲವು ಆಟಗಳು ಮೇಮ್‌ನವರ ಸ್ವಂತ ಜಾಗದಲ್ಲೇ ಇವೆ. ರಾಬಿ ರೋಟೊ ಅದರಲ್ಲೊಂದು. ಅದರಿಂದ ಶುರು ಮಾಡು. ಉಳಿದದ್ದಕ್ಕೆ ನನ್ನನ್ನು ಕೇಳಬೇಡ.

ಪ್ರಶ್ನೆ: ಮನೆಯಲ್ಲಿ ಸಿಗ್ನಲ್ ಇಲ್ಲ, ಗುಡ್ಡದ ನೆತ್ತಿಗೆ ಹೋದರೆ ಎರಡು ಕಡ್ಡಿ. ಗಿಟ್ ಕ್ಲೋನ್ ಎಂಬತ್ತು ಪಾಲು ಆಗಿ ಕಡಿಯುತ್ತದೆ, ಮತ್ತೆ ಸೊನ್ನೆಯಿಂದ. ಮೂರು ದಿನ ಆಯಿತು.
– ಹೊಸನಗರ ತಾಲೂಕಿನ ಓದುಗಿ

ಉತ್ತರ: ಮಳೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಗುಡ್ಡ ಹತ್ತಿದ್ದೀರಾ ತಾಯಿ? ಗಿಟ್ ಕ್ಲೋನ್‌ಗೆ ಬಿಟ್ಟ ಕಡೆಯಿಂದ ಹಿಡಿಯೋಕೆ ಬರಲ್ಲ. ಅದು ಮೊದಲ ದಿನದಿಂದ ಆದ ತಿದ್ದುಪಡಿಯ ಇತಿಹಾಸವನ್ನೆಲ್ಲ ಹೊತ್ತು ತರುತ್ತದೆ. ನಿಮಗೆ ಇತಿಹಾಸ ಬೇಡ, ಇವತ್ತಿನ ಕೋಡ್ ಸಾಕು. ‘ಮೈನಸ್ ಮೈನಸ್ ಡೆಪ್ತ್ 1’ ಅಂತ ಸೇರಿಸಿ, ಹೊರೆ ತುಂಬಾ ಇಳಿಯುತ್ತದೆ. ಇನ್ನೂ ಒಳ್ಳೆಯದು, ಬಿಡುಗಡೆಯ ಟಾರ್ ಕಂತೆ ಇದ್ದರೆ ಅದನ್ನು ‘ಡಬ್ಲ್ಯುಗೆಟ್ ಮೈನಸ್ ಸಿ’ ಕೊಟ್ಟು ಇಳಿಸಿ. ಸರ್ವರ್ ಒಪ್ಪಿದರೆ ಕಡಿದ ಕಡೆಯಿಂದ ಮುಂದುವರಿಯುತ್ತದೆ. ಬಿಡುಗಡೆಯ ಕಂತೆಯಲ್ಲಿ ಸಾಮಾನ್ಯವಾಗಿ ಕಾನ್ಫಿಗರ್ ಮೊದಲೇ ತಯಾರಾಗಿರುತ್ತದೆ, ಆಟೋಜೆನ್ ಗೋಜಿಲ್ಲ. ಅಥವಾ ಪೇಟೆಗೆ ಬಂದ ದಿನ ಪೆನ್‌ಡ್ರೈವ್ ತನ್ನಿ, ನಾನು ಹಾಕಿಕೊಡುತ್ತೇನೆ. ಬಿಚ್ಚದೆ.

ಪ್ರಶ್ನೆ: ಎಲ್ಲ ಆದ ಮೇಲೆ ‘ಸುಡೋ ಮೇಕ್ ಇನ್‌ಸ್ಟಾಲ್’ ಮಾಡಲೇಬೇಕಾ?
– ಭದ್ರಾವತಿಯ ಓದುಗರು

ಉತ್ತರ: ಬೇಡ. ಹೆಚ್ಚಿನ ಎಮ್ಯುಲೇಟರುಗಳು ಕಟ್ಟಿದ ಫೋಲ್ಡರಿನಿಂದಲೇ ಓಡುತ್ತವೆ. ಹಾಗೆ ಇನ್‌ಸ್ಟಾಲ್ ಮಾಡಿದ್ದು ಆಪ್ಟ್‌ನ (ಉಬುಂಟುವಿನಲ್ಲಿ ಪ್ಯಾಕೇಜ್ ಹಾಕಿ ತೆಗೆಯುವ ಪ್ರೋಗ್ರಾಂ) ಲೆಕ್ಕದಲ್ಲಿ ಇರಲ್ಲ, ತೆಗೆಯುವಾಗ ಎಲ್ಲೆಲ್ಲಿ ಏನೇನು ಹೋಯಿತು ಅಂತ ನೀವೇ ಹುಡುಕಬೇಕು. ಮಾಡಲೇಬೇಕು ಅನ್ನಿಸಿದರೆ ಕಾನ್ಫಿಗರ್ ಹೊತ್ತಿನಲ್ಲೇ ‘ಪ್ರಿಫಿಕ್ಸ್’ ಕೊಟ್ಟು ನಿಮ್ಮ ಹೋಮ್ ಫೋಲ್ಡರಿನೊಳಗೆ ಒಂದು ಜಾಗ ತೋರಿಸಿ. ಆಗ ಸುಡೋ, ಅಂದರೆ ಯಂತ್ರದ ಒಡೆಯನ ಅಧಿಕಾರ ಕೂಡ ಬೇಕಿಲ್ಲ, ಬೇಡವಾದಾಗ ಆ ಜಾಗ ಅಳಿಸಿದರಾಯಿತು.

ಅಚ್ಚಿಗೆ ಕೊಡುವ ಮುಂಚೆ ಸೇರಿಸಿದ್ದು: ತೀರ್ಥಹಳ್ಳಿ ಮೇಷ್ಟ್ರಿಗೆ ಉತ್ತರವನ್ನು ಮೊದಲೇ ಫೋನಿನಲ್ಲಿ ಹೇಳಿದ್ದೆ. ನಿನ್ನೆ ಸಂಜೆ ಅವರೇ ಫೋನ್ ಮಾಡಿದರು. ಬ್ಯಾಟರಿ ಹಾಕಿಸಿದರಂತೆ. ಅಲೆಗ್ರೊದ ಡೆವ್‌ಗಳೆಲ್ಲ ಕೂತವಂತೆ. ‘ಬಿಬಿಸಿ ಕಂಪ್ಯೂಟರ್ 32ಕೆ’ ಅಂತ ಬಂತು, ಆ ಎರಡು ಸ್ವರದ ಬೀಪ್ ಕೇಳಿತು, ಅಡುಗೆಮನೆಯಿಂದ ಮನೆಯವರು ‘ಇದು ನಿಮ್ಮ ಶಾಲೆ ಶಬ್ದ ಅಲ್ವಾ’ ಅಂತ ಓಡಿಬಂದರಂತೆ. ಹೇಳುವಾಗ ಮೇಷ್ಟ್ರ ದನಿ ಸ್ವಲ್ಪ ಅಲುಗಿತು. ಆಮೇಲೆ ತಕ್ಷಣ ಗದರಿದರು: ‘ಪ್ರಿಂಟ್ ಬರೆದು ಉದ್ಧರಣ ಚಿಹ್ನೆ ಒತ್ತಿದರೆ ನಕ್ಷತ್ರ ಬರ್ತಿದೆಯಲ್ಲಮ್ಮ, ನಿಮ್ಮ ಕಂಪೈಲ್ ಸರಿ ಇಲ್ಲ.’

ಕಂಪೈಲ್ ಸರಿಯಿದೆ ಮೇಷ್ಟ್ರೇ. ಎಮ್ಯುಲೇಟರ್ ಕೀಲಿಗಳನ್ನು ಅವತ್ತಿನ ಜಾಗದಲ್ಲೇ ಇಟ್ಟುಕೊಂಡಿದೆ. ಬಿಬಿಸಿ ಕೀಬೋರ್ಡಿನಲ್ಲಿ ಆ ಚಿಹ್ನೆ ಇದ್ದದ್ದು 2ರ ಮೇಲೆ. ಶಿಫ್ಟ್ ಹಿಡಿದು 2 ಒತ್ತಿ. ನಿಮ್ಮ ಬೆರಳಿಗೆ ಗೊತ್ತಿರುತ್ತದೆ.